ಒಂದೇ ರಸೀದಿಯ ಎರಡು ಸೈಕಲ್ಲು

ಸೈಕಲ್ಲು ತಲೆಕೆಳಗಾಗಿ ನಿಂತಿತ್ತು.

ಬಾದಾಮಿಯ ಹೈಸ್ಕೂಲಿನ ಬೇವಿನ ಮರದ ಕೆಳಗೆ, ಸೀಟು ಮಣ್ಣಿಗೆ ಊರಿ, ಗಾಲಿಗಳು ಆಕಾಶಕ್ಕೆ. ಕಸ್ಟಮ್ಸ್ ಇನ್ಸ್‌ಪೆಕ್ಟರ್ ಪಂಢರೀನಾಥ ಮಂಡಿಯೂರಿ ಕುಳಿತು ಪೆಡಲ್ಲಿನ ಅಚ್ಚು ಕೂರುವ ಗೂಡನ್ನು ನೋಡುತ್ತಿದ್ದರು. ಫ್ರೇಮಿನ ನಂಬರು ಕೊರೆದಿರುವುದು ಅಲ್ಲಿಯೇ.

"ಹಳದಿ ಮೆತ್ಕೊಂಡದ. ಒರಸ್ರಿ ಮಾಸ್ತರ."

ವಿಜ್ಞಾನದ ಮಾಸ್ತರ ಲಕ್ಷ್ಮಪ್ಪ ಕರವಸ್ತ್ರ ತೆಗೆದು ಒರೆಸಿದ. "ನಮ್ಮವ್ವ ಪೂಜಾ ಮಾಡಿದ ಅರಿಷಿಣದ ಭಂಡಾರರಿ. ಹೊಸಾದು ಏನ ಬಂದರೂ ಬೀರಪ್ಪನ ಭಂಡಾರ ಹಚ್ಚೇ ಹಚ್ತಾಳ."

ಇನ್ಸ್‌ಪೆಕ್ಟರ್ ಫ್ರೇಮಿನ ಮೇಲಿನ ಅಂಕಿಗಳನ್ನು ಗಟ್ಟಿಯಾಗಿ ಓದಿದರು. ಕೊನೆಗೆ ೭೧೯೪. ಆಮೇಲೆ ಲಕ್ಷ್ಮಪ್ಪನ ಸುಂಕದ ರಸೀದಿ ಬಿಡಿಸಿ ಅದನ್ನೂ ಓದಿದರು. ಕೊನೆಗೆ ೬೮೦೩.

"ಇದು ಸುಂಕ ಕಟ್ಟದ ಮಾಲು, ಮಾಸ್ತರ."

"ಹೆಂಗಾಗ್ತೈತ್ರಿ? ರಸೀದಿ ನಿಮ್ಮ ಕೈಯಾಗ ಐತಿ."

"ರಸೀದಿ ಖರೇನ ಅದ. ಆದ್ರ ಆ ನಂಬರಿನ ಸೈಕಲ್ ಇಳಕಲ್ಲಿನ್ಯಾಗ ಅದ. ಒಬ್ಬ ಕಲ್ಲಿನ ಗಣಿ ಮಾಲೀಕರ ಬಂಗ್ಲೆದಾಗ ಹೋದ ವಾರ ಹಿಡದೇವಿ. ಅವರ ಹತ್ರ ನಿಮ್ಮ ರಸೀದಿಯ ನಕಲು ಅದ. ನೀವು ಮಾರಿದ ಪತ್ರಾನೂ ಅದ." ಅವರು ಒಂದು ಕಾಗದ ಚಾಚಿದರು. "ಸಹಿ ನಿಮ್ಮದ ಏನು?"

ಲಕ್ಷ್ಮಪ್ಪ ನೋಡಿದ. ಸಹಿ ಅವನದೇ. ಅದರ ಮೇಲಿನ ಟೈಪು ಮಾಡಿದ ಸಾಲುಗಳನ್ನು ಅವನು ಜನ್ಮದಲ್ಲಿ ಓದಿರಲಿಲ್ಲ.

"ನಂದರಿ. ಆದ್ರ ನಾ ಮಾರಿಲ್ಲ."

"ಸುಂಕ ಕಟ್ಟಿದ್ದನ್ನ ಮಾರಿ ಲಾಭಾ ಮಾಡ್ಕೊಂಡ್ರಿ. ಕಳ್ಳಮಾಲು ತರಿಸಿ ಅದೇ ರಸೀದಿ ಮ್ಯಾಲೆ ಓಡಾಡಿದ್ರಿ. ಕಾಗದ ಹಂಗ ಹೇಳ್ತದ." ಇನ್ಸ್‌ಪೆಕ್ಟರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಹೆದರಿಸಿತು. "ಶುಕ್ರವಾರ ಹನ್ನೊಂದಕ್ಕ ಬಾಗಲಕೋಟಿ ಆಫೀಸಿಗೆ ಬರ್ರಿ. ಹೇಳೂದಿದ್ರ ಅಲ್ಲಿ ಹೇಳ್ರಿ."

ಪಂಚನಾಮೆ ಆಯಿತು. ಹಗ್ಗ ಬಿಗಿದು ಅರಗಿನ ಮುದ್ರೆ ಒತ್ತಿ ಸೈಕಲ್ಲನ್ನು ಜೀಪಿಗೇರಿಸಿದರು. ಕಿಟಕಿಗಳ ತುಂಬ ಹುಡುಗರ ಮುಖಗಳು. ಹೆಡ್‌ಮಾಸ್ತರರು ಲಕ್ಷ್ಮಪ್ಪನನ್ನು ಒಳಗೆ ಕರೆದರು.

"ನೀ ಇನ್ನಾ ಕಾಯಂ ಆಗಿಲ್ಲಪಾ. ಕೇಸು ಬಿತ್ತಂದ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ."

ಅಂದು ಬುಧವಾರ. ೧೯೭೮ರ ನವೆಂಬರ್.

*

ಆ ಸೈಕಲ್ಲು ಬೇಡಿ ಪಡೆದದ್ದಲ್ಲ. ಇಂಗ್ಲೆಂಡಿನ ಒಬ್ಬ ವಿದ್ವಾಂಸ ಎರಡು ಚಳಿಗಾಲ ಮಹಾಕೂಟದ ಗುಡಿಗಳ ಅಳತೆ ಮಾಡಿದಾಗ ಟೇಪಿನ ಇನ್ನೊಂದು ತುದಿ ಹಿಡಿದವನು ಲಕ್ಷ್ಮಪ್ಪ. ಬನಶಂಕರಿಯ ಮನೆಯಿಂದ ಬಾದಾಮಿಯ ಶಾಲೆಗೆ ದಿನಾ ಇವನು ನಡೆಯುವುದನ್ನು ಆತ ಕಂಡಿದ್ದ. ಊರಿಗೆ ಮರಳಿ ಹಸಿರು ಬಣ್ಣದ ಗೇರಿನ ಸೈಕಲ್ಲೊಂದನ್ನು ಹಡಗಿಗೆ ಹಾಕಿಬಿಟ್ಟ.

ಕೊಟ್ಟವನಿಗೆ ಅದು ಉಡುಗೊರೆ. ಮುಂಬಯಿ ಬಂದರಿನಲ್ಲಿ ಅದು ಆಮದು. ಮೂಲ ಸುಂಕ, ಅದರ ಮೇಲೆ ಪೂರಕ ಸುಂಕ, ಎಲ್ಲ ಕೂಡಿಸಿ ಅದರ ಮೇಲೆ ಮತ್ತೊಂದು. ಲೆಕ್ಕ ಮುಗಿದಾಗ ಸುಂಕವೇ ಸೈಕಲ್ಲಿನ ಬೆಲೆಯನ್ನು ಮೀರಿತ್ತು. ಬಿಟ್ಟುಬಿಡೋಣವೆಂದರೆ ಅವ್ವ ಸೋಮವ್ವ ಕೇಳಲಿಲ್ಲ. ಹದಿನಾಲ್ಕು ಕುರಿ ಮಾರಿದಳು. ಬಾಗಲಕೋಟೆಯ ಕ್ಲಿಯರಿಂಗ್ ಏಜೆಂಟ ವಿಠ್ಠಲರಾಯರು ಕಾಗದಪತ್ರ ಮಾಡಿಸಿ ಸೈಕಲ್ಲು ಬಿಡಿಸಿ ತಂದುಕೊಟ್ಟರು.

ಈಗ ಕುರಿಯೂ ಇಲ್ಲ, ಸೈಕಲ್ಲೂ ಇಲ್ಲ. ಶುಕ್ರವಾರ ಕಳೆದರೆ ನೌಕರಿಯೂ ಇರುವುದಿಲ್ಲ. ಗುರುವಾರ ಮುಂಜಾನೆ ಲಕ್ಷ್ಮಪ್ಪ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದ. ಯಾವ ಕಡೆ ಯೋಚಿಸಿದರೂ ತನ್ನದೇ ಸಹಿ ಅಡ್ಡ ಬರುತ್ತಿತ್ತು.

ಸೋಮವ್ವ ಸಾಬೂನು ಹಚ್ಚಿ ಬಟ್ಟೆ ಒಗೆಯುತ್ತಿದ್ದಳು. ಅವನ ಕರವಸ್ತ್ರ ಎತ್ತಿ ಹಿಡಿದಳು.

"ಲಕ್ಷ್ಮಪ್ಪಾ, ಈ ಹಳದಿ ಎಲ್ಲಿ ಹಚ್ಕೊಂಡ್ಯೋ?"

"ಸೈಕಲ್ಲಿಂದಬೇ. ನಿನ್ನ ಭಂಡಾರ."

"ಇದು ಭಂಡಾರ ಅಲ್ಲೋ ಹುಚ್ಚಪ್ಪ. ಭಂಡಾರದ ಅರಬಿಗೆ ಸಬಕಾರ ಹಚ್ಚಿದ್ರ ಕೆಂಪಗ ಆಗ್ತಾವು. ಎಷ್ಟು ವರ್ಷ ಒಗದೇನಿ ನಾ. ಇದು ಸುಮ್ಮ ಹಳದಿ ನೀರಾಗಿ ಹೊಂಟೈತಿ."

ಲಕ್ಷ್ಮಪ್ಪ ಎದ್ದು ನಿಂತ. ಅರಿಷಿಣಕ್ಕೆ ಕ್ಷಾರ ತಾಗಿದರೆ ಕೆಂಪು. ಎಂಟನೆಯ ಇಯತ್ತೆಗೆ ಅವನೇ ಮಾಡಿ ತೋರಿಸುವ ಪ್ರಯೋಗ. ಕರವಸ್ತ್ರವನ್ನು ಕಿತ್ತುಕೊಂಡು ನೋಡಿದ. ಮಡಿಕೆಗಳಲ್ಲಿ ನುಣ್ಣನೆಯ ಹಳದಿ ಮಣ್ಣು ಉಳಿದಿತ್ತು. ಗೋಡೆಗೆ ಬಳಿಯುವಂಥದು.

"ಸೈಕಲ್ಲಿಗೆ ಎಲ್ಲೆಲ್ಲಿ ಹಚ್ಚಿದ್ದಿ ಯವ್ವ?"

"ಹ್ಯಾಂಡಲ್ಲಿಗೆ, ಎರಡೂ ಗಾಲಿ ನಡುವ, ಮತ್ತ ಕೆಳಗ ಆ ಪೆಡಲ್ ಕೂಡೂದ್ರಾಗ. ಯಾಕೋ?"

ಅವನಾಗಲೇ ಅಂಗಿ ತೊಡುತ್ತಿದ್ದ.

*

ಸೈಕಲ್ಲು ಅವನ ಕೈ ಬಿಟ್ಟು ಇದ್ದದ್ದು ಎರಡೇ ಸಲ. ಮೊದಲು ಗೇರು ಸರಿಮಾಡಿಸಲು ಬಾಗಲಕೋಟೆಯ ಲಾಡಸಾಬನ ಅಂಗಡಿಯಲ್ಲಿ ಎರಡು ದಿನ. ಮುಂದಿನ ವಾರ ವಿಠ್ಠಲರಾಯರ ಆಫೀಸಿನಲ್ಲಿ ನಾಲ್ಕು ದಿನ. ಮುಂಬಯಿಯಿಂದ ಮರುತಪಾಸಣೆಯ ಕಾಗದ ಬಂದಿದೆ ಎಂದು ಅವರೇ ತರಿಸಿಕೊಂಡಿದ್ದರು.

ನಂಬರಿನ ಮೇಲಿದ್ದದ್ದು ಅವ್ವನ ಭಂಡಾರವಲ್ಲವೆಂದರೆ ಆ ಫ್ರೇಮೂ ಅವನದಲ್ಲ. ಫ್ರೇಮು ಬದಲಿಸುವುದು ಕೈ ಪಳಗಿದವರ ಕೆಲಸ. ಲಕ್ಷ್ಮಪ್ಪ ಮೊದಲು ಹೋದದ್ದು ಲಾಡಸಾಬನ ಹತ್ತಿರ.

"ಬರ್ರಿ ಮಾಸ್ತರ. ನಿಮ್ಮ ಹಸಿರು ಮೇಮಸಾಬ ಎಲ್ಲಿ?" ಲಾಡಸಾಬ ಟ್ಯೂಬಿಗೆ ತೇಪೆ ಹಾಕುತ್ತ ನಕ್ಕ.

"ಕಸ್ಟಮ್ಸಿನವರು ಒಯ್ದಾರ. ಯಾರೋ ಫ್ರೇಮ್ ಬದಲಿ ಮಾಡ್ಯಾರ."

ನಗು ನಿಂತಿತು. "ನನ್ನ ಮ್ಯಾಲೆ ಸಂಶೇ ಏನ್ರಿ?"

"ಐತಿ. ಇಲ್ಲಂದ್ರ ಸುಳ್ಳಾಗ್ತೈತಿ."

"ಖರೆ ಹೇಳಿದ್ರಿ, ಚಲೋ ಆತು." ಲಾಡಸಾಬ ಎದ್ದು ಮೊಳೆಗಳಿಗೆ ತೂಗುಹಾಕಿದ್ದ, ನಟ್ಟು ಬಿಚ್ಚುವ ಪಾನಾಗಳನ್ನು ತೋರಿಸಿದ. "ಇದರಾಗ ಒಂದೂ ನಿಮ್ಮ ಗಾಡಿಯ ಪೆಡಲ್ ಅಚ್ಚಿಗೆ ಕೂಡೂದಿಲ್ಲ. ಅದರ ಅಳತೀನ ಬ್ಯಾರೆ. ಸೈಕಲ್ ಬಂದ ಪೆಟಗಿ ಜೋಡಿ ಅದರ ಪಾನಾನೂ ಬರ್ತಾವು. ತರ್ರಿ ಅಂದ್ರ ನೀವ ಇಲ್ಲ ಅಂದ್ರಿ."

"ನನಗ ಪಾನಾ ಬಂದ ಇಲ್ಲ."

"ಮತ್ತ ನಾ ಏನ ಹಲ್ಲೀಲೆ ಬಿಚ್ಚಲೇನ್ರಿ?" ದನಿ ತಗ್ಗಿಸಿದ. "ಒಂದು ತಪ್ಪು ಮಾಡೇನಿ, ಹೇಳಿಲ್ಲ. ಪೆಡಲ್ ಕೂಡೂ ಕಡೆ, ಚೈನಿನ ಹಿಂದ ಜಿಡ್ಡಿತ್ತು. ಒಗೆಯೂ ಸೋಡಾದ ನೀರಲೆ ತಿಕ್ಕಿದೆ. ನಿಮ್ಮ ದೇವರ ಹಳದಿ ರಗತದಂಗ ಕೆಂಪಾತು. ಅಂಜಿ ಕೈ ತಗದೆ. ಹೆಬ್ಬೆಟ್ಟಿನಷ್ಟು ಕಲೆ ಉಳದೈತಿ ನೋಡ್ರಿ."

ಲಕ್ಷ್ಮಪ್ಪ ರಸೀದಿಯ ನಕಲು ಬಿಡಿಸಿದ. ನೂರು ಸಲ ನೋಡಿದ್ದ ಕಾಗದ. ಪ್ರತಿ ಸಲ ಮೊತ್ತವನ್ನಷ್ಟೇ ನೋಡಿದ್ದ. ಈಗ ಸರಕಿನ ವಿವರ ಓದಿದ. ಸೈಕಲ್, ಒಂದು. ಹತಾರಗಳ ಸೆಟ್, ಒಂದು.

ತಾನೆಂದೂ ಕಾಣದ ಪಾನಾಗಳಿಗೂ ಸುಂಕ ಕಟ್ಟಿದ್ದ.

*

ವಿಠ್ಠಲರಾಯರ ಆಫೀಸು ಸ್ಟೇಶನ್ ರಸ್ತೆಯಲ್ಲಿತ್ತು. ಗೋಡೆಗಳಿಗೆ ಹೊಸ ಹಳದಿ ಬಣ್ಣ. ಗೋಡೆಗೆ ಬೆನ್ನು ತಾಗಿದರೆ ಪುಡಿ ಅಂಟುತ್ತಿತ್ತು.

"ಸುದ್ದಿ ಕೇಳಿದೆ ಮಾಸ್ತರ. ಭಾಳ ಕೆಟ್ಟನಸ್ತು." ಅವರು ಸುಣ್ಣದ ಡಬ್ಬಿ ತೆರೆದು ತಂಬಾಕು ತಿಕ್ಕತೊಡಗಿದರು. "ನನ್ನ ಮಾತು ಕೇಳ್ರಿ. ತಪ್ಪಾತು ಅಂತ ಬರದುಕೊಟ್ಟು ದಂಡಾ ಕಟ್ರಿ. ನಾ ಇನ್ಸ್‌ಪೆಕ್ಟರಗ ಹೇಳ್ತೇನಿ."

"ಒಪ್ಪಿದ್ರ ನೌಕರಿ ಹೋಗ್ತೈತ್ರಿ."

"ಒಪ್ಪದಿದ್ರ ಜೇಲು. ಸಹಿ ನಿಮ್ಮದ ಅದ ಅಂತ ನೀವ ಒಪ್ಪೀರಿ."

ಲಕ್ಷ್ಮಪ್ಪನಿಗೆ ಆ ಕೋಣೆ ಕಿರಿದಾದಂತೆನಿಸಿತು. ಇದೇ ಮೇಜು. ಇದೇ ಕುರ್ಚಿ. ಕಸ್ಟಮ್ಸಿಗೆ ಬೇಕೆಂದು ಮೂರು ಖಾಲಿ ಹಾಳೆಗಳಿಗೆ ಸಹಿ ಮಾಡಿಸಿಕೊಂಡದ್ದೂ ಇಲ್ಲಿಯೇ. ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲಿಗ ಅವನು. ಅಂದು ಪ್ರತಿ ಹಾಳೆಗೂ ಎಷ್ಟು ಅಂದವಾಗಿ ಬರೆದಿದ್ದ.

"ನಾಳೆ ನೀವೂ ಬರ್ತೀರೇನ್ರಿ?" ಎಂದು ಕೇಳಿದ.

"ಸಾಕ್ಷಿ ಅಂತ ಕರದಾರ. ಬರದ ಏನು."

*

ಶುಕ್ರವಾರ. ಬಾಗಲಕೋಟೆ ಆಫೀಸಿನ ಅಂಗಳದಲ್ಲಿ ಬಾದಾಮಿಯ ಸೈಕಲ್ಲು ಹಗ್ಗ, ಮುದ್ರೆ ಬಿಚ್ಚಿಸಿಕೊಂಡು ನಿಂತಿತ್ತು. ಇಳಕಲ್ಲಿನದು ಗೋಣಿಚೀಲದೊಳಗೆ, ಮುದ್ರೆ ಒಡೆಯದೆ. ಇಬ್ಬರು ಪಂಚರು, ಲಾಡಸಾಬ, ವಿಠ್ಠಲರಾಯರು.

"ಏನ ಹೇಳ್ತೀರಿ ಮಾಸ್ತರ?" ಎಂದರು ಪಂಢರೀನಾಥ.

"ಇಳಕಲ್ಲಿನ ಚೀಲ ಬಿಚ್ಚೂಕಿಂತ ಮೊದಲ ಒಂದು ಮಾತು ಬರಕೋರ್ರಿ. ನಾ ಆ ಸೈಕಲ್ ನೋಡಿಲ್ಲ. ಅದರ ಚೈನಿನ ಹಿಂದ, ಫ್ರೇಮಿನ ಮ್ಯಾಲೆ, ಹೆಬ್ಬೆಟ್ಟಿನಷ್ಟು ಕೆಂಪು ಕಲೆ ಐತಿ. ಗಾಲಿಗೆ, ಹ್ಯಾಂಡಲ್ಲಿಗೆ ಭಂಡಾರದ ಗುರುತು ಇಲ್ಲ."

ಇನ್ಸ್‌ಪೆಕ್ಟರ್ ಬರೆದುಕೊಂಡರು. ಪಂಚರ ಸಹಿ ಹಾಕಿಸಿದರು. ಮುದ್ರೆ ಒಡೆದರು.

ಕಲೆ ಇತ್ತು. ಲಾಡಸಾಬ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಗಾಲಿಗಳ ನಡುವಿನ ಹಬ್ಬುಗಳು, ಹ್ಯಾಂಡಲ್ಲು ಹಳದಿಯ ಗುರುತಿಲ್ಲದೆ ಫಳಫಳ ಹೊಳೆಯುತ್ತಿದ್ದವು.

"ವಿಠ್ಠಲರಾಯರ, ನಿಮ್ಮ ಸುಣ್ಣದ ಡಬ್ಬಿ ಕೊಡ್ರಿ," ಎಂದ ಲಕ್ಷ್ಮಪ್ಪ.

"ನನ್ನದ್ಯಾಕ?"

"ನಾ ಮನಿಯಿಂದ ತಂದ್ರ ಅದರಾಗ ಏನರೆ ಕಲಸೇನಿ ಅಂತೀರಿ."

ಡಬ್ಬಿ ಬಂತು. ಅವನು ಸುಣ್ಣಕ್ಕೆ ನೀರು ಬೆರೆಸಿ ಬೆರಳಿಗೆ ತೆಗೆದುಕೊಂಡ. ಇಳಕಲ್ಲಿನ ಫ್ರೇಮಿನಲ್ಲಿ ನಂಬರಿನ ಸುತ್ತ ಉಳಿದಿದ್ದ ಹಳದಿಗೆ ಹಚ್ಚಿದ. ಕೆಂಪಾಯಿತು. ಬಾದಾಮಿಯ ಸೈಕಲ್ಲಿನ ಹ್ಯಾಂಡಲ್ಲಿಗೆ ಹಚ್ಚಿದ. ಕೆಂಪು. ಗಾಲಿಗೆ. ಕೆಂಪು. ಅದೇ ಸೈಕಲ್ಲಿನ ಫ್ರೇಮಿನ ಸಂದಿಯಲ್ಲಿ ಒರೆಸದೆ ಉಳಿದಿದ್ದ ಹಳದಿಗೆ ಹಚ್ಚಿದ. ಎಲ್ಲರೂ ಕಾದರು. ಹಳದಿ ಹಳದಿಯಾಗಿಯೇ ಉಳಿಯಿತು.

"ನಮ್ಮವ್ವ ಭಂಡಾರ ಹಚ್ಚಿದ್ದು ಒಂದ ಸೈಕಲ್ಲಿಗೆ. ಈಗ ಅದರ ಫ್ರೇಮ್ ಇಳಕಲ್ಲಿನ್ಯಾಗ, ಗಾಲಿ ಹ್ಯಾಂಡಲ್ ಬಾದಾಮ್ಯಾಗ. ನಾ ಮಾರಿದ್ರ ಇಡೀ ಸೈಕಲ್ ಮಾರ್ತಿದ್ದೆ. ನಂಬರ್ ಇರೂದು ಫ್ರೇಮಿನ ಮ್ಯಾಲೆ ಅಷ್ಟ. ರಸೀದಿಗೆ ಹೊಂದೂ ನಂಬರ್ ಯಾರಿಗೆ ಬೇಕಿತ್ತೋ ಅವರು ಫ್ರೇಮ್ ಅಷ್ಟ ಬದಲಿ ಮಾಡ್ಯಾರ. ನನಗ ಗೊತ್ತಾಗಬಾರದು ಅಂತ ಹಳದೀನೂ ಹಚ್ಯಾರ. ಆದ್ರ ಅದು ಗೋಡೆಗೆ ಹಚ್ಚೂ ಬಣ್ಣ. ನಮ್ಮ ಮನಿಯಾಗ ಭಂಡಾರ ಚೀಲಗಟ್ಟಲೆ ಐತ್ರಿ. ನಾ ಮಾಡಿದ್ರ ಗೋಡೆಯ ಬಣ್ಣ ಯಾಕ ಹಚ್ತಿದ್ದೆ?"

"ಈ ಲಾಡಸಾಬ ಮಾಡಿರಬೇಕು," ಎಂದರು ವಿಠ್ಠಲರಾಯರು.

"ಲಾಡಸಾಬ ತಿಕ್ಕಿದಾಗ ಹಳದಿ ಕೆಂಪಾತು. ಅಂದ್ರ ಅಲ್ಲಿ ಇದ್ದದ್ದು ನನ್ನ ಫ್ರೇಮ. ಅಲ್ಲಿಂದ ಬಂದ ಮ್ಯಾಲೆ ಅದು ನಾಕು ದಿನ ನಿಮ್ಮ ಆಫೀಸಿನ್ಯಾಗ ಇತ್ತು, ಮರುತಪಾಸಣೆಗೆ ಅಂತ."

"ಮರುತಪಾಸಣೆ?" ಪಂಢರೀನಾಥರ ಪೆನ್ನು ನಿಂತಿತು. "ಒಮ್ಮೆ ಬಿಟ್ಟ ಮಾಲಿಗೆ ಮುಂಬಯಿಯವರಾಗ್ಲಿ ನಾವಾಗ್ಲಿ ಅಂಥ ಕಾಗದ ಕಳಸೂದಿಲ್ಲ, ವಿಠ್ಠಲರಾಯರ."

ವಿಠ್ಠಲರಾಯರು ಸುಣ್ಣದ ಡಬ್ಬಿಗೆ ಕೈ ಚಾಚಿದರು. ಇನ್ಸ್‌ಪೆಕ್ಟರ್ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಇನ್ನೊಂದು ಐತ್ರಿ," ಎಂದ ಲಕ್ಷ್ಮಪ್ಪ. "ಈ ಫ್ರೇಮ್ ಬಿಚ್ಚಾಕ ಅದರದ ಪಾನಾ ಬೇಕು. ರಸೀದಿಯೊಳಗ ಹತಾರಗಳ ಸೆಟ್ ಐತಿ. ನನ್ನ ಕೈಗೆ ಅದು ಬಂದ ಇಲ್ಲ. ಪೆಟಗಿ ಒಡದವರು ಇವರ."

ಸ್ಟೇಶನ್ ರಸ್ತೆಯ ಆಫೀಸಿನ ಬೀಗದಕೈ ಕೊಡಲು ವಿಠ್ಠಲರಾಯರಿಗೆ ಬಹಳ ಹೊತ್ತು ಹಿಡಿಯಿತು. ಅಲ್ಲಿನ ಕಪಾಟಿನಲ್ಲಿ ಪಾನಾಗಳ ಚರ್ಮದ ಚೀಲ ಸಿಕ್ಕಿತು. ಅದರ ಕೆಳಗೆ ಒಂದು ಹಾಳೆ. ಮೇಲೆಲ್ಲ ಖಾಲಿ, ಕೆಳಗೆ ಲಕ್ಷ್ಮಪ್ಪನ ಅಂದವಾದ ಸಹಿ.

ಆಮೇಲೆ ವಿಠ್ಠಲರಾಯರೇ ಹೇಳಿದರು. ಲಕ್ಷ್ಮಪ್ಪನ ಸೈಕಲ್ಲು ಬಿಡಿಸುವಾಗ ಆಸೆ ಹುಟ್ಟಿತ್ತು. ಗಣಿ ಮಾಲೀಕರಿಗೆ ಅಂಥದೇ ಒಂದನ್ನು ಸುಂಕವಿಲ್ಲದೆ ಕರಾವಳಿಯಲ್ಲಿ ಇಳಿಸಿ ತರಿಸಿದರು. ಮಾಲೀಕರು ಪಕ್ಕಾ ಕಾಗದ ಕೇಳಿದರು. ಪಕ್ಕಾ ಕಾಗದ ಇದ್ದದ್ದು ಒಂದೇ, ಲಕ್ಷ್ಮಪ್ಪನ ರಸೀದಿ. ಮೂರು ಹಾಳೆಗಳಲ್ಲಿ ಒಂದು ನಿಜಕ್ಕೂ ಕಸ್ಟಮ್ಸಿಗೆ ಹೋಯಿತು, ಒಂದು ಮಾರಾಟದ ಪತ್ರವಾಯಿತು.

"ಹಳ್ಳಿ ಮಾಸ್ತರನ ಸೈಕಲ್ ಯಾರು ತಿರುವಿ ನೋಡ್ತಾರ ಅಂದ್ಕೊಂಡಿದ್ದೆ," ಎಂದರು, ಯಾರ ಮುಖವನ್ನೂ ನೋಡದೆ.

*

ಲಕ್ಷ್ಮಪ್ಪ ಬಸ್ಸಿಳಿದು ಮನೆಗೆ ಬಂದಾಗ ಸೋಮವ್ವ ಬಾಗಿಲಲ್ಲಿ ನಿಂತಿದ್ದಳು. ಮೊದಲು ಅವನ ಹಿಂದೆ ನೋಡಿದಳು.

"ಸೈಕಲ್ ಎಲ್ಲೋ?"

"ಅದು ಮುದ್ದೆಮಾಲಂತ ಯವ್ವ, ಸಾಕ್ಷಿಯ ಮಾಲು. ಕೋರ್ಟಿನ್ಯಾಗ ಕೇಸ್ ಮುಗಿಯೂತನಾ ಅಲ್ಲೇ ಕಟ್ಟಿಹಾಕ್ತಾರ. ನನ್ನ ಬಿಟ್ಟರು, ಅದಕ್ಕ ಜಾಮೀನು ಸಿಗಲಿಲ್ಲ."

"ಎಷ್ಟು ದಿನ?"

"ವರ್ಷ ಅಂತಾರ. ಎರಡಾದರೂ ಆಗಬಹುದು."

ಅವಳು ಒಳಗಿನಿಂದ ಭಂಡಾರದ ಬಟ್ಟಲು ತಂದು ಅವನ ಹಣೆಗೆ ಹಚ್ಚಿದಳು. ಉಳಿದದ್ದನ್ನು ಅವನ ಅಂಗೈಗೆ ಸುರಿದಳು. "ಸೋಮವಾರದಿಂದ ಮತ್ತ ನಡಕೋತ ಹೋಗು. ನಡದು ಹೋಗಾಕ ಸಾಲಿ ನೌಕರಿಯಂತೂ ಉಳೀತು."

ಲಕ್ಷ್ಮಪ್ಪ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ವಿಠ್ಠಲರಾಯರ ಸುಣ್ಣ ಇನ್ನೂ ಉಳಿದಿತ್ತು. ಬೆವರಿದ ಅಂಗೈಯಲ್ಲಿ ಭಂಡಾರ ಅದಕ್ಕೆ ತಾಗಿ, ನಿಧಾನವಾಗಿ ಕೆಂಪಾಗತೊಡಗಿತು.