ಮೆಟ್ಟಿಲು ಕಾಸು

ಮಂಗಳವಾರ ಬೆಳಿಗ್ಗೆ ಹತ್ತೂಕಾಲರ ಸುಮಾರಿಗೆ, ಬಲಗೈಗೆ ಬ್ಯಾಂಡೇಜು ಸುತ್ತಿದ್ದ ನರ್ಸೊಬ್ಬರು ಠಾಣೆಗೆ ಬಂದು ಎಡಗೈಯಲ್ಲೇ ದೂರು ಬರೆಯಲು ಕುಳಿತರು. ಅಕ್ಷರಗಳು ಸೊಟ್ಟಗಿದ್ದವು, ವಿಷಯ ಮಾತ್ರ ನೆಟ್ಟಗಿತ್ತು.

ಹಿಂದಿನ ಮಧ್ಯಾಹ್ನ ಅವರು ಕೆಲಸ ಮಾಡುವ ಖಾಸಗಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಮಕ್ಕಳ ವಾರ್ಡಿನ ಪ್ಲಗ್ಗೊಂದು ಕಿಡಿ ಕಾರಿ ಕಿಟಕಿಯ ಪರದೆಗೆ ಬೆಂಕಿ ಹತ್ತಿತ್ತು. ಅವರು ಮೇನ್ ಸ್ವಿಚ್ ಆರಿಸಿ, ಕಾರಿಡಾರಿನಲ್ಲಿ ಬೆಂಕಿ ಆರಿಸುವ ನೀರಿಗೆಂದಿದ್ದ ಕೆಂಪು ಪೈಪಿನ ವಾಲ್ವಿಗೆ ಕೈಹಾಕಿದರು. ಅದರ ಚಕ್ರ ಅಲುಗಲಿಲ್ಲ. ಕೊನೆಗೆ ಉರಿಯುವ ಪರದೆಯನ್ನು ಬರಿಗೈಯಲ್ಲಿ ಕಿತ್ತು ನೆಲ ಒರೆಸುವ ಬಕೆಟ್ಟಿಗೆ ತುರುಕಿದ್ದರು.

ಇನ್ಸ್‌ಪೆಕ್ಟರ್ ಮೇಡಂ ದೂರನ್ನು ಎರಡು ಸಲ ಓದಿದರು.

"ಮಕ್ಕಳು?"

"ಎಲ್ಲಾ ಕ್ಷೇಮ. ಅಷ್ಟು ಗದ್ದಲದಲ್ಲೂ ಒಂದು ಮಗು ಎದ್ದೇ ಇಲ್ಲ ಮೇಡಂ."

"ಚಕ್ರ ಯಾವ ಕಡೆ ತಿರುಗಿಸಿದ್ರಿ?"

"ಎರಡೂ ಕಡೆ ತಿರುಗಿಸಿದೆ. ಆಮೇಲೆ ದೇವರ ಕಡೆ ತಿರುಗಿದೆ."

ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ನಕ್ಕುಬಿಟ್ಟರು. ನಿವೃತ್ತಿಯ ಅಂಚಿನಲ್ಲಿದ್ದ ಅವರನ್ನು ಠಾಣೆಯಲ್ಲಿ ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು, ಲಾಕಪ್ಪಿನಲ್ಲಿದ್ದವರೂ ಸಹ.

"ಆಸ್ಪತ್ರೆಯವರು ಏನಂತಾರೆ?"

"ಮ್ಯಾನೇಜರು ರಾತ್ರಿ ಮನೆಗೆ ಫೋನ್ ಮಾಡಿದ್ರು. ದೂರು ಕೊಟ್ರೆ ನಾಳೆಯಿಂದ ಬರೋದು ಬೇಡ ಅಂದ್ರು. ಫೋನ್ ಎತ್ತಿದ್ದು ನಮ್ಮತ್ತೆ. 'ನನ್ನ ಮೊಮ್ಮಗಳು ಜ್ವರ ಬಂದಾಗ ಮಲಗಿದ್ದೂ ಅದೇ ವಾರ್ಡಲ್ಲಪ್ಪಾ, ಇವಳು ಠಾಣೆಗೆ ಹೋಗೇ ಹೋಗ್ತಾಳೆ' ಅಂತ ಇಟ್ಟೇಬಿಟ್ರು. ಅತ್ತೆ ನನ್ನ ಪರ ಮಾತಾಡಿದ್ದು ಇದೇ ಮೊದಲು ಮೇಡಂ."

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು. ಅದರ ಪ್ರತಿಯನ್ನು ನರ್ಸಿನ ಕೈಗಿತ್ತು ಮೇಡಂ ಜೀಪು ಹತ್ತಿದರು.

ಮ್ಯಾನೇಜರು ಬಾಗಿಲಲ್ಲೇ ಕಾದಿದ್ದರು. ನೆಲಮಹಡಿಯ ಕೆಂಪು ಪೈಪಿನ ಬಳಿಗೆ ಕರೆದೊಯ್ದು, ಎರಡು ಬೆರಳಲ್ಲಿ ಚಕ್ರ ತಿರುಗಿಸಿದರು. ನೀರು ಭುಸ್ಸೆಂದು ಚಿಮ್ಮಿ ದೊಡ್ಡಪ್ಪನ ಬೂಟು ತೋಯಿಸಿತು.

"ನೋಡಿ ಮೇಡಂ. ಪಾಪ, ಸಿಸ್ಟರ್ ಗಾಬರೀಲಿ ತಪ್ಪು ಕಡೆ ತಿರುಗಿಸಿರ್ಬೇಕು. ಹೋದ ತಿಂಗಳಷ್ಟೇ ತಪಾಸಣೆ ಆಗಿದೆ."

ಗೋಡೆಯಲ್ಲಿ ಚೌಕಟ್ಟು ಹಾಕಿದ ಪ್ರಮಾಣಪತ್ರವಿತ್ತು. ಎಲ್ಲ ಮಹಡಿಗಳ ವಾಲ್ವುಗಳನ್ನೂ ಖುದ್ದಾಗಿ ತೆರೆದು ಪರೀಕ್ಷಿಸಲಾಗಿದೆ ಎಂಬ ಒಕ್ಕಣೆಯ ಕೆಳಗಿದ್ದ ಸಹಿಯನ್ನು ಕಂಡು ಮೇಡಂ ಒಂದು ಕ್ಷಣ ನಿಂತರು. ಪೊಲೀಸ್ ತರಬೇತಿಯ ದಿನಗಳಲ್ಲಿ, ಹೊಗೆ ತುಂಬಿದ ಕಟ್ಟಡದಿಂದ ಮನುಷ್ಯರನ್ನು ಹೊತ್ತು ತರುವುದನ್ನು ಅವರ ತಂಡಕ್ಕೆ ಕಲಿಸಿದ್ದ ಅಗ್ನಿಶಾಮಕ ಅಧಿಕಾರಿಯ ಸಹಿ ಅದು. ಮೆಟ್ಟಿಲನ್ನು ಎರಡೆರಡಾಗಿ ಹಾರಬೇಡಿ, ಮೇಲೆ ಹೋದಾಗ ಉಸಿರು ಬೇಕಾಗುತ್ತದೆ ಎಂದು ಅವರು ದಿನವೂ ಹೇಳುತ್ತಿದ್ದರು. ಅಂಥವರು ಸುಳ್ಳು ಬರೆಯುವುದುಂಟೆ? ಮೇಡಂಗೆ ಆ ಕ್ಷಣ ಮ್ಯಾನೇಜರನ್ನೇ ನಂಬುವ ಆಸೆಯಾಯಿತು.

ಆದರೂ ಕೇಳಿದರು: "ಮೇಲೆ ಹೋಗೋಣವಾ?"

"ಮೇಲೂ ಇದೇ ಪೈಪು ಮೇಡಂ. ಸುಮ್ಮನೆ ಯಾಕೆ ಶ್ರಮ? ರೂಮಲ್ಲಿ ಕೂತ್ಕೊಳ್ಳಿ, ಟೀ ತರಿಸ್ತೀನಿ."

ಆಸೆ ಅಲ್ಲಿಗೇ ಮುಗಿಯಿತು. ತರಬೇತಿಯಲ್ಲಿ ಕಲಿತಂತೆ ಮೇಡಂ ಮೆಟ್ಟಿಲುಗಳನ್ನು ಒಂದೊಂದಾಗಿಯೇ ಹತ್ತತೊಡಗಿದರು.

ಪಂಚನಾಮೆಗೆ ಪಂಚರು ಬೇಕಿತ್ತು. ಕಾರಿಡಾರಿನಲ್ಲಿ ಕಿಕ್ಕಿರಿದಿದ್ದ ಜನ ಆ ಮಾತು ಕಿವಿಗೆ ಬಿದ್ದದ್ದೇ ತಡ ಕರಗಿಹೋದರು. ದೊಡ್ಡಪ್ಪ ಬೀದಿಗಿಳಿದು ಎದುರಿನ ಟೈಲರನ್ನು ಕರೆದರು.

"ಕೋರ್ಟು ಕಚೇರಿ ಅಲೆಯೋಕೆ ನಂಗೆಲ್ಲಿ ಪುರುಸೊತ್ತು ದೊಡ್ಡಪ್ಪಾ?" ಎಂದರು ಟೈಲರ್. ಆಮೇಲೆ ಮೂರನೇ ಮಹಡಿಯ ಮಸಿ ಹಿಡಿದ ಕಿಟಕಿಯತ್ತ ಕತ್ತೆತ್ತಿ ನೋಡಿ, ಮೆಷಿನ್ನಿನ ದೀಪ ಆರಿಸಿದರು. "ನಡೀರಿ. ಆ ವಾರ್ಡಿನ ಪರದೆ ಹೊಲಿದುಕೊಟ್ಟಿದ್ದೇ ನಾನು." ಅವರನ್ನು ಕಂಡು, ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ತಂದೆಯೊಬ್ಬರೂ ಮುಂದೆ ಬಂದರು.

ಮೂರನೇ ಮಹಡಿಯ ವಾಲ್ವಿಗೆ ಕೆಂಪು ಬಣ್ಣವನ್ನು ದಪ್ಪಗೆ ಬಳಿಯಲಾಗಿತ್ತು. ಮೇಡಂ ಟಾರ್ಚು ಹಿಡಿದು ಚಕ್ರದ ಬುಡ ನೋಡಿದರು. ತಿರುಗುವ ಭಾಗವನ್ನೂ ತಿರುಗದ ಭಾಗವನ್ನೂ ಒಂದೇ ಪದರ ಮುಚ್ಚಿತ್ತು, ಎಲ್ಲಿಯೂ ಬಿರುಕಿರಲಿಲ್ಲ.

"ಈ ಬಣ್ಣ ಯಾವಾಗ ಹೊಡೆಸಿದ್ದು?"

"ವಾರ್ಡ್ ಉದ್ಘಾಟನೆಗೆ ಮೇಡಂ. ವರ್ಷದ ಮೇಲಾಯ್ತು," ಎಂದರು ಮ್ಯಾನೇಜರು. ಪ್ರಶ್ನೆ ಎತ್ತ ಹೊರಟಿದೆ ಎಂಬುದು ಅವರಿಗಿನ್ನೂ ಹೊಳೆದಿರಲಿಲ್ಲ.

"ಆಮೇಲೆ ಮತ್ತೆ ಬಳಿದಿಲ್ಲವಾ?"

"ಇಲ್ಲ."

"ಹಾಗಾದ್ರೆ ಹೋದ ತಿಂಗಳು ಚಕ್ರ ತಿರುಗಿದ್ರೆ ಬಣ್ಣ ಒಡೀಬೇಕಿತ್ತು. ದೊಡ್ಡಪ್ಪ, ಸ್ಪ್ಯಾನರ್."

ದೊಡ್ಡಪ್ಪ ಹಲ್ಲು ಕಚ್ಚಿ ತಿರುವಿದರು. ಬಣ್ಣ ಚಟಚಟನೆ ಒಡೆದು ನೆಲಕ್ಕುದುರಿತು. ಚಕ್ರ ಪೂರ್ತಿ ತೆರೆದರೂ ಒಂದು ಹನಿ ಬರಲಿಲ್ಲ. ಮುಚ್ಚಳವಿಲ್ಲದ ಪೈಪಿನ ಬಾಯೊಳಗೆ ಟಾರ್ಚು ಬಿಟ್ಟಾಗ ಕಂಡದ್ದು ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು. ಅದರ ಅಂಚಿಗೂ ಕೆಂಪು ಬಣ್ಣ ಮೆತ್ತಿತ್ತು. ಬಣ್ಣಕ್ಕಿಂತ ಮುಂಚೆಯೇ ಕಣಜ ಅಲ್ಲಿ ಸಂಸಾರ ಹೂಡಿತ್ತು.

"ಒಳ್ಳೆ ಸಾಕ್ಷಿ," ಎಂದರು ದೊಡ್ಡಪ್ಪ. "ಸಮನ್ಸ್ ಜಾರಿ ಮಾಡೋದೊಂದೇ ಕಷ್ಟ."

ಟೈಲರ್ ನಗಲಿಲ್ಲ. ತೊಟ್ಟಿಲುಗಳ ಸಾಲನ್ನು ನೋಡುತ್ತ ನಿಂತಿದ್ದರು.

ಏಣಿ ತರಿಸಿ ಮೊದಲ ಮಹಡಿಯ ಚಾವಣಿಯ ಹಲಗೆ ಬಿಚ್ಚಿದಾಗ ಉಳಿದದ್ದೂ ಬಯಲಾಯಿತು. ನೆಲಮಹಡಿಯಿಂದ ಬಂದ ಪೈಪು ಅಲ್ಲಿಯೇ ಕೊನೆಗೊಂಡಿತ್ತು. ಮೇಲಿನ ಪೈಪಿಗೂ ಅದಕ್ಕೂ ನಡುವೆ ಒಂದು ಮಾರು ಬರಿಯ ಗಾಳಿ. ಫೋಟೋ ತೆಗೆದು, ಗೂಡನ್ನು ಗಾಜಿನ ಜಾಡಿಯಲ್ಲಿಟ್ಟು ಸೀಲು ಮಾಡಿ, ಪಂಚರ ಸಹಿ ಪಡೆದಾಗ ಸಂಜೆ ನಾಲ್ಕು.

ಠಾಣೆಯಲ್ಲಿ ಮ್ಯಾನೇಜರು ಹೆಚ್ಚು ಹೊತ್ತು ತಾಳಲಿಲ್ಲ.

"ನಮ್ಮೊಬ್ಬರನ್ನೇ ಹಿಡಿದ್ರೆ ಹೇಗೆ ಮೇಡಂ? ಎಲ್ಲರ ಹಾಗೆ ನಾವೂ ಮೆಟ್ಟಿಲು ಕಾಸು ಕೊಟ್ಟಿದ್ದೀವಿ."

"ಏನು ಕಾಸು?"

ಮ್ಯಾನೇಜರು ನಾಲಗೆ ಕಚ್ಚಿಕೊಂಡರು. ಬಾಯಿಂದ ಜಾರಿದ್ದನ್ನು ಮರಳಿ ನುಂಗುವಂತಿರಲಿಲ್ಲ. ತಪಾಸಣೆಗೆ ಬಂದವರು ಕೆಳಗಿನ ಕೋಣೆಯಲ್ಲಿ ಟೀ ಕುಡಿದು, ನೆಲಮಹಡಿಯ ವಾಲ್ವು ನೋಡಿ, ಸಹಿ ಹಾಕಿ ಹೋಗುವುದು. ಹತ್ತದೆ ಬಿಟ್ಟ ಪ್ರತಿ ಮಹಡಿಗೂ ಇಷ್ಟು ಎಂದು ಪಡೆಯುವುದು. ಕಟ್ಟಡ ಎತ್ತರವಾದಷ್ಟೂ ಕಾಸು ಹೆಚ್ಚು. ಈ ರೂಢಿ ಎಷ್ಟು ಹಳೆಯದಾಗಿತ್ತೆಂದರೆ, ಕಟ್ಟಿಸುವವರು ಮೇಲಿನ ಮಹಡಿಗಳಿಗೆ ನೀರು ಹಾಯಿಸುವುದನ್ನೇ ಬಿಟ್ಟಿದ್ದರು. ಯಾರೂ ಹತ್ತಿ ನೋಡುವುದಿಲ್ಲವಲ್ಲ!

"ಅಂದ್ರೆ ಊರಿಗೆ ಊರೇ ಬರೀ ಕೆಂಪು ಬಣ್ಣ ನಂಬ್ಕೊಂಡು ಮಲಗುತ್ತೆ," ಎಂದರು ದೊಡ್ಡಪ್ಪ. ಈ ಸಲ ಅವರ ದನಿಯಲ್ಲಿ ತಮಾಷೆಯಿರಲಿಲ್ಲ. ಅವರ ಮಗಳ ಮನೆ ಏಳನೇ ಮಹಡಿಯಲ್ಲಿತ್ತು.

ಮೇಲಧಿಕಾರಿಗಳ ಅನುಮತಿ ಪಡೆದು ಲಂಚದ ಕಲಂ ಸೇರಿಸಲು ಎರಡು ದಿನ ಹಿಡಿಯಿತು. ಶುಕ್ರವಾರ ಬೆಳಿಗ್ಗೆ ಅಗ್ನಿಶಾಮಕ ಅಧಿಕಾರಿ ನೋಟಿಸಿನಂತೆ ಠಾಣೆಗೆ ಬಂದು ಮೇಡಂ ಎದುರು ಕುಳಿತರು. ಕೂದಲು ನರೆತಿತ್ತು, ಬೆನ್ನು ಅಂದಿನಂತೆಯೇ ನೆಟ್ಟಗಿತ್ತು.

"ಆಸ್ಪತ್ರೆಯ ತಪಾಸಣೆ ಮಾಡಿದ್ದು ನೀವೇನಾ ಸರ್?"

"ನಾನೇ."

"ಎಲ್ಲಾ ಮಹಡಿ?"

"ಎಲ್ಲಾ."

"ಚಕ್ರ ತಿರುಗಿಸಿದ್ದು?"

"ನಾನೇ. ನೀರು ಬಂತು."

ಮೇಡಂ ಸೀಲು ಮಾಡಿದ ಗಾಜಿನ ಜಾಡಿಯನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ಅದನ್ನು ತುಸು ಹೊತ್ತು ದಿಟ್ಟಿಸಿದರು. ಏನೆಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

"ಎಷ್ಟನೇ ಮಹಡಿಯದು?"

"ಮಕ್ಕಳ ವಾರ್ಡು."

ಅವರ ಬೆನ್ನು ಮೊದಲ ಬಾರಿಗೆ ಕುರ್ಚಿಗೆ ಒರಗಿತು. "ಯಾರಿಗಾದ್ರೂ...?"

"ನರ್ಸಿನ ಕೈ ಸುಟ್ಟಿದೆ. ಮಕ್ಕಳೆಲ್ಲ ಉಳಿದ್ರು. ಅದು ಅವರ ಪುಣ್ಯ ಸರ್, ನಿಮ್ಮದಲ್ಲ."

ಮಧ್ಯಾಹ್ನ ಹನ್ನೆರಡೂವರೆಗೆ ಅವರ ದಸ್ತಗಿರಿಯಾಯಿತು. ಮ್ಯಾನೇಜರನ್ನೂ ಪೈಪು ಹಾಕಿಸಿದ ಗುತ್ತಿಗೆದಾರನನ್ನೂ ಅದೇ ದಿನ ಬಂಧಿಸಲಾಯಿತು. ಹೇಳಿಕೆ ಬರೆದುಕೊಳ್ಳುವಾಗ ಅಧಿಕಾರಿ, ಕೇಳದಿದ್ದರೂ, ಒಂದಷ್ಟು ಹೇಳಿದರು. ಬಹಳ ಹಿಂದೆ ಒಂದು ಚಿತ್ರಮಂದಿರಕ್ಕೆ ಸಹಿ ಹಾಕಲೊಪ್ಪದೆ ಒಂದೇ ವರ್ಷದಲ್ಲಿ ಮೂರು ಕಡೆ ವರ್ಗವಾಗಿದ್ದರು. ಮಗಳು ಮೂರು ಶಾಲೆ ಬದಲಿಸಿ, ಕೊನೆಗೆ ಯಾರೊಡನೆಯೂ ಮಾತಾಡುವುದನ್ನೇ ನಿಲ್ಲಿಸಿದ್ದಳು. ನಾಲ್ಕನೆಯ ಊರಿನಲ್ಲಿ ಯಾರೋ ಟೀಗೆ ಕರೆದರು.

"ಮೊದಲ ಸಲ, ಮೊಣಕಾಲು ನೋವು ಅಂತ ಹೇಳಿದೆ," ಎಂದರು ಅವರು. "ಆಮೇಲೆ ಯಾರೂ ಕಾರಣ ಕೇಳಲಿಲ್ಲ."

ಮೇಡಂ ಅದನ್ನೂ ಬರೆದುಕೊಂಡರು. ಅದು ಕಾರಣವಾಗಿತ್ತು, ಸಮರ್ಥನೆಯಾಗಿರಲಿಲ್ಲ; ಹೇಳಿದವರಿಗೂ ಆ ವ್ಯತ್ಯಾಸ ತಿಳಿದಿತ್ತು.

ಸುದ್ದಿ ಹರಡಿದ್ದು ಟೈಲರ್ ಅಂಗಡಿಯಿಂದ. ಅಳತೆ ಕೊಡಲು ಬಂದ ಪ್ರತಿಯೊಬ್ಬರಿಗೂ ಅವರು, ನಿಮ್ಮ ಮಹಡಿಯ ಚಕ್ರ ಒಮ್ಮೆ ತಿರುಗಿಸಿ ನೋಡಿ ಎಂದು ಹೇಳಿ ಕಳಿಸುತ್ತಿದ್ದರು. ಶುಕ್ರವಾರ ಸಂಜೆಯ ಹೊತ್ತಿಗೆ ಠಾಣೆಯ ಫೋನಿಗೆ ಬಿಡುವಿರಲಿಲ್ಲ.

"ಮೇಡಂ, ಯಾವುದೋ ಅಪಾರ್ಟ್‌ಮೆಂಟ್ ಹೆಂಗಸರು. ನಾಲ್ಕನೇ ಮಹಡೀಲಿ ನೀರಿಲ್ಲವಂತೆ. ದೂರು ಕೊಡ್ತಾರಂತೆ, ಎಲ್ಲರೂ ಸಹಿ ಹಾಕಿ."

"ಬರೋಕೆ ಹೇಳಿ."

"ಇನ್ನೊಂದು ಕಡೆ ನೀರು ಬಂತಂತೆ. ನಿಲ್ಲಿಸೋಕೆ ಬರದೆ ಮೆಟ್ಟಿಲೆಲ್ಲ ಹೊಳೆಯಾಗಿದೆಯಂತೆ. ಬೈತಾ ಇದ್ದಾರೆ."

"ಬೈಯಲಿ ಬಿಡಿ."

ಎಂಟು ದೂರುಗಳಾದವು. ಕೆಲಸ ಕಳೆದುಕೊಳ್ಳಲು ಸಿದ್ಧರಾಗಿದ್ದ ನರ್ಸಿಗೆ ಆಸ್ಪತ್ರೆಯ ಮಾಲೀಕರೇ ಫೋನ್ ಮಾಡಿ, ಕೈ ವಾಸಿಯಾದ ಮೇಲೆ ಬನ್ನಿ ಎಂದರಂತೆ. ಆ ಫೋನನ್ನೂ ಅತ್ತೆಯೇ ಎತ್ತಿದ್ದರು.

ಅಂದು ರಾತ್ರಿ ಮೇಡಂ ಹೊರಡಲು ಎದ್ದವರು ಬಾಗಿಲಲ್ಲಿ ನಿಂತುಬಿಟ್ಟರು.

"ದೊಡ್ಡಪ್ಪ, ನಮ್ಮದು?"

"ಏನು ನಮ್ಮದು?"

ಠಾಣೆಯ ಮೇಲ್ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಹಳೆಯ ಕಪಾಟಿನ ಹಿಂದೆ, ಒಂದು ಕೆಂಪು ಚಕ್ರವಿತ್ತು. ಅದರ ಮೇಲೆ ಯಾರದೋ ಟೋಪಿ ನೇತಾಡುತ್ತಿತ್ತು. ಇಷ್ಟು ವರ್ಷಗಳಲ್ಲಿ ಅದನ್ನು ಯಾರೂ ಮುಟ್ಟಿದ ನೆನಪಿರಲಿಲ್ಲ. ಇಬ್ಬರೂ ಸೇರಿ ಕಪಾಟು ಸರಿಸಿದರು. ದೊಡ್ಡಪ್ಪ ತಮ್ಮದೇ ಟೋಪಿಯನ್ನು ಸದ್ದಿಲ್ಲದೆ ತೆಗೆದುಕೊಂಡು ಸ್ಪ್ಯಾನರ್ ಹಿಡಿದರು.

ಬಣ್ಣ ಒಡೆಯಿತು. ಮೊದಲು ಬರಿಯ ಗಾಳಿ ಕೆಮ್ಮಿತು. ಆಮೇಲೆ ತುಕ್ಕು ನೀರು ಬಂತು. ಅದು ನಿಧಾನವಾಗಿ ತಿಳಿಯಾಗಿ ಮೆಟ್ಟಿಲುಗಳ ಮೇಲೆ ಇಳಿಯತೊಡಗಿತು.

"ಬಂತು ಮೇಡಂ!" ದೊಡ್ಡಪ್ಪ ಮಗುವಿನಂತೆ ಕೂಗಿದರು.

ಕೆಳಗೆ ಲಾಕಪ್ಪಿನ ಕತ್ತಲಿನಿಂದ ಒಂದು ದನಿ ಕೇಳಿಸಿತು. ತರಬೇತಿ ಮೈದಾನದಲ್ಲಿ ಮೇಡಂ ಕೇಳಿದ್ದ ಅದೇ ದನಿ. ಸದ್ದು ಕೇಳಿಯೇ ನೀರನ್ನು ಅಳೆಯಬಲ್ಲವರ ದನಿ.

"ಒತ್ತಡ ಸಾಲದು. ಪಂಪು ನೋಡಿಸಿ."

ನೀರು ಹರಿಯುತ್ತಲೇ ಇತ್ತು.

"ಬರ್ಕೊಳ್ಳಿ ದೊಡ್ಡಪ್ಪ," ಎಂದರು ಮೇಡಂ. "ಪಂಪು ನೋಡಿಸಬೇಕು."