ಮೂವತ್ತೆಂಟು ಮಂದಿಗೆ ಒಂದು ಟೋಕನ್

ಮಂಗಳವಾರ ಬೆಳಿಗ್ಗೆ 10.20ಕ್ಕೆ ಬಸವಕಿರಣ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಐಶ್ವರ್ಯಳ ಮುಂದೆ ನಿಂತ.

"ನನ್ನ ಹೆಂಡ್ತಿಗೆ ಫ್ಯಾಕ್ಟರ್ಯಾಗ ಏನೋ ತಿನಿಸ್ಯಾರ್ರೀ ಮೇಡಂ. ಐಸಿಯುದಾಗ ಅದಾಳ."

ಹೆಂಡತಿ ಶೀತಲ್, ಅಬ್ಬಿಗೆರೆಯ ಗಾರ್ಮೆಂಟ್ಸ್‌ ಒಂದರಲ್ಲಿ ಟೈಲರ್. ಸೋಮವಾರ ಮಧ್ಯಾಹ್ನ ಚಳಿಜ್ವರದಿಂದ ನಡುಗುತ್ತ ಮೆಷಿನ್ ಮೇಲೆಯೇ ಕುಸಿದಿದ್ದಳು. ಅದಕ್ಕೆ ಮೊದಲು ಸೂಪರ್‌ವೈಸರ್ ರತ್ನಕ್ಕ ಅವಳಿಗೆ ಮಾತ್ರೆ ಕೊಟ್ಟಿದ್ದನ್ನು ನೋಡಿದವರಿದ್ದರು. ಎಫ್‌ಐಆರ್ ದಾಖಲಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಮುಜಫ್ಫರ್ ತಲೆಯಾಡಿಸಿದರು. "ವಿಷ ಅಲ್ಲ ಮೇಡಂ. ನೋವಿನ ಮಾತ್ರೆ ಅಷ್ಟೇ, ಅದೂ ಕಿಡ್ನಿಗೆ ಒಳ್ಳೇದಲ್ಲ. ಮೂತ್ರದಲ್ಲಿ ಕೀವಿದೆ, ಸ್ಕ್ಯಾನಲ್ಲಿ ಬಲ ಕಿಡ್ನಿ ಊದ್ಕೊಂಡಿದೆ. ಸೋಂಕು ಮೂತ್ರಕೋಶದಿಂದ ಮೇಲೆ ಹತ್ತಿ ರಕ್ತಕ್ಕೂ ಸೇರಿದೆ."

"ಹೇಗೆ ಬಂತು?"

"ನೀರು ಕುಡಿಯದೆ, ಗಂಟೆಗಟ್ಟಲೆ ಮೂತ್ರ ತಡ್ಕೊಂಡ್ರೆ ಬರುತ್ತೆ. ನನ್ ಹತ್ರ ಬಾಯಿ ಬಿಡ್ತಿಲ್ಲ. ನೀವೇ ಕೇಳಿ."

ಐಶ್ವರ್ಯ ಗಂಡನನ್ನು ಹೊರಗೆ ಕಳಿಸಿದಳು. ಆಮೇಲೆ ಶೀತಲ್ ಗೋಡೆ ನೋಡುತ್ತ ಮಾತಾಡಿದಳು.

"ಎರಡು ವಾರ ಉರಿ ಇತ್ತರೀ. ಮನ್ಯಾಗ ಇವರಿಗೆ ಬೆನ್ನುನೋವು ಅಂತ ಹೇಳಿದ್ದೆ."

"ಫ್ಯಾಕ್ಟರೀಲಿ ಟಾಯ್ಲೆಟ್‌ಗೆ ಹೋಗೋಕೆ ಬಿಡಲ್ವಾ?"

"ಒಂದು ಟೋಕನ್ ಐತಿ. ಅದನ್ನ ಕೊರಳಿಗೆ ಹಾಕ್ಕೊಂಡೇ ಹೋಗ್ಬೇಕು. ನಿನ್ನೆ ಮೂರು ಸಲ ಕೇಳಿದೆ, ರತ್ನಕ್ಕ ಕೊಡ್ಲಿಲ್ಲ." ಅವಳು ಕಣ್ಣು ಮುಚ್ಚಿದಳು. "ಕುಂತಲ್ಲೇ ಆಗಿಹೋತು. ಅದನ್ನ ಬರೀಬ್ಯಾಡ್ರಿ."

"ಬರೆದ್ರೇನೇ ಕೋರ್ಟಲ್ಲಿ ಕೇಸು ನಿಲ್ಲೋದು ಕಣಮ್ಮ."

ಶೀತಲ್ ಕಣ್ಣು ತೆರೆದಳು. "ಹಂಗಾರ ಬರಕೊಳ್ರಿ" ಎಂದು ಸಹಿಗೆ ಕೈ ಚಾಚಿದಳು.

ಬುಧವಾರ ಸಂಜೆ 4.15ಕ್ಕೆ ಫ್ಯಾಕ್ಟರಿಯಲ್ಲಿ ಹೆಡ್ ಕಾನ್‌ಸ್ಟೆಬಲ್ ಕಾಡಪ್ಪ ಪಂಚನಾಮೆ ಬರೆದ. ಶೀತಲ್‌ಳ ಹೊಲಿಗೆ ಲೈನಿನಲ್ಲಿ ಮೂವತ್ತೆಂಟು ಹೆಂಗಸರು. ಟೋಕನ್ ಒಂದೇ, ರತ್ನಕ್ಕನ ಮೇಜಿನ ಖಾನೆಯಲ್ಲಿ. ಯಾರೂ ತಲೆ ಎತ್ತಲಿಲ್ಲ.

"ಯಾಕೆ ಕೊಡ್ಲಿಲ್ಲ?" ಐಶ್ವರ್ಯ ರತ್ನಕ್ಕನನ್ನು ಕೇಳಿದಳು.

"ಟಾರ್ಗೆಟ್ ಇತ್ತು."

"ಅಷ್ಟೇನಾ?"

ರತ್ನಕ್ಕ ಸೆರಗು ಹಿಂಡಿದಳು. "ನಾನು ಟೈಲರ್ ಆಗಿದ್ದಾಗ ನಂಗೂ ಹಂಗೇ ಆಯ್ತು ಮೇಡಂ. ಲೈನೆಲ್ಲ ನಕ್ತು. ಆವತ್ತಿಂದ ಬೆಳಿಗ್ಗೆ ನೀರೇ ಮುಟ್ಟಲ್ಲ. ಹದಿನಾರು ವರ್ಷ ತಡ್ಕೊಂಡಿದೀನಿ, ಇವರಿಗೇನು ದೊಡ್ಡ ಕಷ್ಟ ಅನ್ಸೋದು."

ಸಂಜೆ 6.05ಕ್ಕೆ ಅವಳ ಬಂಧನವಾಯಿತು. ಟೋಕನ್ನಿನ ನಿಯಮ ಮಾಡಿದ ಮ್ಯಾನೇಜರ್ ಎರಡನೇ ಆರೋಪಿಯಾದ.

ಠಾಣೆಯ ಮೆಟ್ಟಿಲಲ್ಲಿ ಕಾಡಪ್ಪ ಮುಂದೆ ಹೋಗುವವರೆಗೂ ಕಾದು, ರತ್ನಕ್ಕ ತಗ್ಗಿದ ದನಿಯಲ್ಲಿ ಕೇಳಿದಳು: "ಇಲ್ಲಿ ಹೆಂಗಸರಿಗೆ ಇದ್ಯಾ ಮೇಡಂ?"

ಇತ್ತು. ಎರಡು ವರ್ಷದಿಂದ ಆ ಶೌಚಾಲಯದೊಳಗೆ ಜಪ್ತಿ ಮಾಡಿದ ಸಾಮಾನು ತುಂಬಿತ್ತು. ಜಾಗ ಸಾಲದೆಂದು ಅಲ್ಲಿಡಲು ಒಪ್ಪಿ ಸಹಿ ಹಾಕಿದವಳು ಐಶ್ವರ್ಯ. ಅವಳ ಕೈಕೆಳಗಿನ ನಾಲ್ವರು ಮಹಿಳಾ ಕಾನ್‌ಸ್ಟೆಬಲ್‌ಗಳು ಒಂದು ದಿನವೂ ಏನೂ ಕೇಳಿರಲಿಲ್ಲ.