ಪಾಮನಕಲ್ಲೂರಿನ ಐಸ್ ಪೆಟ್ಟಿಗೆ

1993ರ ಜನವರಿ 19, ಮಂಗಳವಾರ. ಬೆಳಿಗ್ಗೆ 9.20ಕ್ಕೆ ಪಾಮನಕಲ್ಲೂರಿನ ನರ್ಸ್ ಪಾರ್ವತೆಮ್ಮ ಮಸ್ಕಿ ಠಾಣೆಗೆ ಬಂದರು. ರಾತ್ರಿ ಆರೋಗ್ಯ ಉಪಕೇಂದ್ರದ ಬೀಗ ಮುರಿದು ಯಾರೋ ಐಸ್ ಪೆಟ್ಟಿಗೆ ಒಯ್ದಿದ್ದರು. ತಿಂಗಳಿಡೀ ಬಂದೋಬಸ್ತಿಗೆ ಅಲೆದು ಸೊಂಟ ಬಿದ್ದುಹೋಗಿದ್ದ ಸಬ್ ಇನ್‌ಸ್ಪೆಕ್ಟರ್ ಅಮರಗುಂಡಪ್ಪನವರು, ಇದೊಂದು ಬಾಕಿ ಇತ್ತು ಎಂದುಕೊಂಡು ಪೆನ್ನು ತೆಗೆದರು.

"ಏನಿತ್ತು ಅದ್ರಾಗ?"

"ಕೆಮ್ಮು, ದಮ್ಮು ಇರೋ ಕೂಸುಗಳ ಮೂಗಿಗೆ ಹತ್ತಿಕಡ್ಡಿ ಹಾಕಿ ನೋಡೋ ಸಾಮಾನ್ರಿ. ವೈರಸ್ ಐತೋ ಇಲ್ಲೋ ಅರ್ಧ ತಾಸಿನ್ಯಾಗ ಹೇಳ್ತೈತಿ. ತಂಪಿನ್ಯಾಗ ಇಡದಿದ್ರ ಕೆಡ್ತೈತ್ರಿ. ಎರಡು ದಿನಕ್ಕೊಮ್ಮೆ ಮಸ್ಕಿಯಿಂದ ಐಸ್ ತರಸ್ತೀನಿ."

ಲ್ಯಾಬ್ ಇಲ್ಲದ ಹಳ್ಳಿಗಳಲ್ಲಿ ಆ ಪೆಟ್ಟಿಗೆಯನ್ನು ಎಷ್ಟು ನಂಬಬಹುದೆಂದು ಪರೀಕ್ಷಿಸಲು ಒಬ್ಬ ಡಾಕ್ಟರ್ ಪ್ರತಿ ಬುಧವಾರ ಬರುತ್ತಿದ್ದರು. ಊರಿನ ಮನೆಮನೆಗೆ ಹೋಗಿ ಬರೆದುಕೊಂಡ ಪಟ್ಟಿಯಲ್ಲಿದ್ದ ಮಕ್ಕಳನ್ನಷ್ಟೇ ನೋಡುತ್ತಿದ್ದರು.

ಎಫ್‌ಐಆರ್ ಆಯಿತು. 11.40ಕ್ಕೆ ಸ್ಥಳ ಪಂಚನಾಮೆ. ಗುಳಿಗೆಗಳು, ಗೋಡೆ ಗಡಿಯಾರ, ಸ್ಟೌ ಎಲ್ಲ ಇದ್ದಲ್ಲೇ ಇದ್ದವು.

"ಕಳ್ಳ ಗುಜರಿಗೆ ಹಾಕ್ಯಾನ್ರಿ ಸರ," ಎಂದ ಕಾನ್‌ಸ್ಟೇಬಲ್ ಶಾವಲಿ.

ಅಮರಗುಂಡಪ್ಪನವರಿಗೆ ಹಾಗನಿಸಲಿಲ್ಲ. ಸ್ಟೌ ಬಿಟ್ಟು ಪೆಟ್ಟಿಗೆಯನ್ನೇ ಒಯ್ದವನು ಅದನ್ನು ಜೋಪಾನ ಮಾಡುತ್ತಾನೆ. ಜೋಪಾನ ಮಾಡಲು ಐಸ್ ಬೇಕು.

2.15ಕ್ಕೆ ಮಸ್ಕಿಯಲ್ಲಿ ಜಿಲಾನಿಸಾಬನ ಐಸ್ ಅಂಗಡಿ.

"ಈ ಥಂಡ್ಯಾಗ ನರ್ಸಮ್ಮನ್ನ ಬಿಟ್ಟು ಯಾರು ಐಸ್ ಒಯ್ದಾರ?"

"ಕುರಿ ಗ್ಯಾನಪ್ಪ ಒಯ್ದಾನ್ರಿ. ನಿನ್ನೆ ಸಂಜಿಗೆ ಒಮ್ಮೆ, ಇವತ್ತು ಮುಂಜಾನೆ ಒಮ್ಮೆ. ಕಂಬಳ್ಯಾಗ ಸುತ್ಕೊಂಡು ಹೋದ."

4.30ಕ್ಕೆ ಜೀಪು ಪಾಮನಕಲ್ಲೂರಿನ ಊರಾಚೆಯ ಕುರಿಹಟ್ಟಿ ಮುಟ್ಟಿತು. ಮುದುಕ ಗ್ಯಾನಪ್ಪ ಓಡಲಿಲ್ಲ. ಒದ್ದೆ ಗೋಣಿಚೀಲದಡಿ, ಐಸ್ ತುಂಡುಗಳ ನಡುವೆ ಪೆಟ್ಟಿಗೆ ಹಾಗೇ ಇತ್ತು, ಮುಚ್ಚಳ ಸಹ ತೆಗೆದಿರಲಿಲ್ಲ. ಪಕ್ಕದಲ್ಲಿ ನಾಲ್ಕು ವರ್ಷದ ಮೊಮ್ಮಗಳು ಕನಕಮ್ಮ. ಉಸಿರಿಗೊಮ್ಮೆ ಅವಳ ಪಕ್ಕೆ ಒಳಸೇರುತ್ತಿತ್ತು.

"ಯಾಕ ಕದ್ದಿ?"

"ಎಂಟು ದಿನ ಆತ್ರಿ ದಮ್ಮು. ಸೂಜಿ ಮಾಡಾವನ ಹತ್ರ ಎರಡು ಸಲ ಒಯ್ದೆ, ಇಳೀಲಿಲ್ಲ. ಡಾಕ್ಟರ್ ಕಾಲಿಗೆ ಬಿದ್ದೆ. ಪಟ್ಟಿಯಾಗ ಹೆಸರಿಲ್ಲ ಅಂದ್ರು. ಕುರಿ ಹಿಂದ ತಿರುಗಾವ್ರು ನಾವು, ಯಾವ ಪಟ್ಟಿಯಾಗ ಬರ್ತೀವ್ರಿ?"

"ಪೆಟ್ಟಿಗಿ ತಗೊಂಡು ಏನು ಮಾಡಾಂವ ಇದ್ದಿ?"

"ಏನಿಲ್ರಿ. ಪೆಟ್ಟಿಗಿ ಇದ್ದಲ್ಲಿಗೆ ಡಾಕ್ಟರ್ ಬರ್ತಾರ. ಹುಡುಕ್ಕೋಂತ ಹಟ್ಟಿಗೆ ಬರ್ಲಿ ಅಂತ ತಂದೆ. ಕೆಟ್ರ ಬರಾಕಿಲ್ಲಂತ ಐಸ್ ಇಟ್ಟೆ."

ಅಮರಗುಂಡಪ್ಪನವರಿಗೆ ನಾಚಿಕೆಯಾಯಿತು. ಪೆಟ್ಟಿಗೆಗಾಗಿ ಏಳು ತಾಸಿನಲ್ಲಿ ಇಡೀ ಠಾಣೆ ಓಡಿಬಂದಿತ್ತು. ಶಾವಲಿ ಕೈಕೋಳ ತೆಗೆದ. ಅವರು ಬೇಡವೆಂದರು.

"ಕೂಸನ್ನ ಎತ್ಕೊ ಅಜ್ಜ. ಜೀಪ್ ಹತ್ತು."

6.05ಕ್ಕೆ ಲಿಂಗಸುಗೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೂಸಿಗೆ ಆಮ್ಲಜನಕ ಹಚ್ಚಿದರು. 6.30ಕ್ಕೆ ಅದೇ ವರಾಂಡದ ಬೆಂಚಿನ ಮೇಲೆ ದಸ್ತಗಿರಿ ಬರೆದದ್ದಾಯಿತು. ಕಳವಿನ ಉದ್ದೇಶ ಎಂಬಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ, ಡಾಕ್ಟರನ್ನು ಹಟ್ಟಿಗೆ ಬರಿಸಲು ಎಂದು ಬರೆದು ರುಜು ಹಾಕಿದರು.

ಮರುದಿನ ಡಾಕ್ಟರ್ ಠಾಣೆಗೆ ಬಂದು, ಪೆಟ್ಟಿಗೆ ಕೆಟ್ಟಿಲ್ಲವೆಂದು ಸಮಾಧಾನಪಟ್ಟು ಹೋದರು. ಹಟ್ಟಿಯ ದಾರಿ ಕೇಳಲಿಲ್ಲ.

ಮೂರನೇ ದಿನ ಕನಕಮ್ಮನ ಉಸಿರು ತಹಬಂದಿಗೆ ಬಂತು. ಕಣ್ಣು ಬಿಟ್ಟವಳೇ ಅಜ್ಜ ಎಲ್ಲಿ ಎಂದಳಂತೆ. ಗ್ಯಾನಪ್ಪನಿದ್ದ ಸಬ್‌ಜೈಲಿಗೆ ಆ ಮಾತು ಮುಟ್ಟಿಸಲು ಅಮರಗುಂಡಪ್ಪನವರು ತಾವೇ ಹೋದರು.